ಲ್ಯಾಬ್ ಟೆಸ್ಟ್ ಬರೆಯುವಾಗ ಕಂಪ್ಯೂಟರಿನ ಸಲಹೆ: ಪಿಎಚ್‌ಸಿ ಮತ್ತು ಸಣ್ಣ ಕ್ಲಿನಿಕ್ಕಿನಲ್ಲಿ ಹೊಂದಿಸುವ ಬಗೆ

"ಡಾಕ್ಟರು ಟೆಸ್ಟ್ ಬರೆಯುವ ಹೊತ್ತಿಗೇ ಯಾವುದು ಬೇಕು, ಯಾವುದು ಬೇಡ ಎಂದು ಕಂಪ್ಯೂಟರು ಹೇಳುವಂತೆ ಮಾಡಬಹುದೇ?" ಕ್ಲಿನಿಕ್ ನಡೆಸುವವರು, ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವೈದ್ಯಾಧಿಕಾರಿಗಳು, ಅವರಿಗೆ ಸಾಫ್ಟ್‌ವೇರ್ ಬರೆದುಕೊಡುವವರು, ಮೂವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಾಡಬಹುದು. ದೊಡ್ಡ ಆಸ್ಪತ್ರೆಯ ಬಜೆಟ್ಟೂ ಬೇಡ, ಕೃತಕ ಬುದ್ಧಿಮತ್ತೆಯೂ ಬೇಡ. ಆದರೆ ಹೆಚ್ಚಿನವರು ಇದನ್ನು ಬಾಲದಿಂದ ಹಿಡಿಯುತ್ತಾರೆ. ಮೊದಲ ದಿನವೇ ಪರದೆಯ ಮೇಲೆ ಎಚ್ಚರಿಕೆಗಳು ಜಿಗಿಯತೊಡಗುತ್ತವೆ. ಎರಡನೇ ವಾರಕ್ಕೆ ಡಾಕ್ಟರು ಅವನ್ನು ಓದದೆ ಮುಚ್ಚುವುದನ್ನು ರೂಢಿ ಮಾಡಿಕೊಂಡಿರುತ್ತಾರೆ. ಮೊದಲು ತಿದ್ದಬೇಕಾದದ್ದು ಟೆಸ್ಟ್ ಬರೆಯುವ ನಮೂನೆಯನ್ನು. ಎಚ್ಚರಿಕೆಗಳ ಸರದಿ ಆಮೇಲೆ.

ಇದಕ್ಕೆ ಗಟ್ಟಿ ಆಧಾರ ನೆದರ್ಲೆಂಡಿನ ಡೆಲ್ಫ್ಟ್ ಸುತ್ತಮುತ್ತ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ. ಅಲ್ಲಿನ 44 ಕ್ಲಿನಿಕ್ಕುಗಳ ಫ್ಯಾಮಿಲಿ ಡಾಕ್ಟರುಗಳಿಗೆ ಬ್ಲಡ್‌ಲಿಂಕ್ ಎಂಬ ತಂತ್ರಾಂಶ ಕೊಟ್ಟರು. ಅರ್ಧ ಜನರಿಗೆ ಸಿಕ್ಕ ರೂಪದಲ್ಲಿ ಆಯ್ದ ಟೆಸ್ಟುಗಳ ಕಿರುಪಟ್ಟಿ ಇತ್ತು. ಬೇರೆಯದು ಬೇಕಿದ್ದರೆ ಹುಡುಕಿ ಸೇರಿಸಿಕೊಳ್ಳಬೇಕಿತ್ತು. ಇನ್ನರ್ಧ ಜನ ಮೊದಲು ರೋಗಿಯ ತೊಂದರೆಯನ್ನು ಆರಿಸಬೇಕಿತ್ತು. ಅದಕ್ಕೆ ಮಾರ್ಗಸೂಚಿ ಹೇಳುವ ಟೆಸ್ಟುಗಳು ತಾವಾಗಿ ಬರುತ್ತಿದ್ದವು. ಮೊದಲ ಗುಂಪು ಒಂದು ಚೀಟಿಗೆ ಸರಾಸರಿ 6.9 ಟೆಸ್ಟ್ ಬರೆಯಿತು, ಎರಡನೆಯದು 5.5. ಸುಮಾರು 20 ಶೇಕಡಾ ಕಡಿಮೆ. ಬೇಕೆನಿಸಿದ ಟೆಸ್ಟ್ ಸೇರಿಸಲು ಇಬ್ಬರಿಗೂ ಸ್ವಾತಂತ್ರ್ಯವಿತ್ತು.

ಟೆಸ್ಟ್ ಕಡಿಮೆಯಾದರೆ ಏನು ಲಾಭ ಎನ್ನುವವರಿಗೆ ಒಂದು ಲೆಕ್ಕ. ರಿಪೋರ್ಟಿನಲ್ಲಿ ಕಾಣುವ 'ನಾರ್ಮಲ್ ರೇಂಜ್' ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಬೀಳುವ ವ್ಯಾಪ್ತಿ. ಉಳಿದ ಐವರು ಆರೋಗ್ಯವಾಗಿದ್ದೂ ಅದರ ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಅಂಶಗಳನ್ನು ಅಳೆದರೆ, ಯಾವ ಕಾಯಿಲೆಯೂ ಇಲ್ಲದವರಲ್ಲಿ ಒಂದಾದರೂ ಕೆಂಪಕ್ಷರದಲ್ಲಿ ಬರುವ ಸಾಧ್ಯತೆ 64 ಶೇಕಡಾ. ಆ ಕೆಂಪಕ್ಷರದ ಬೆನ್ನುಹತ್ತಿ ಮತ್ತೊಂದು ಟೆಸ್ಟ್, ತಾಲ್ಲೂಕು ಆಸ್ಪತ್ರೆಗೆ ಬಸ್ಸು, ಒಂದು ದಿನದ ಕೂಲಿ.

ಶುರು ಮಾಡುವ ಮೊದಲು ಇಷ್ಟು ಇರಲಿ: ರೋಗಿಯ ಹಳೆಯ ಫಲಿತಾಂಶಗಳನ್ನು ಅಂಕಿಯಾಗಿ ಉಳಿಸಿಡುವ ಸಾಫ್ಟ್‌ವೇರ್ (ಸ್ಕ್ಯಾನ್ ಮಾಡಿದ ಚಿತ್ರ ಸಾಲದು), ಕಂಪ್ಯೂಟರು ಸಲಹೆ ಕೊಡಲು ಬಳಸುವ ನಿಯಮಗಳಿಗೆ ಹೊಣೆ ಹೊರುವ ಒಬ್ಬ ಡಾಕ್ಟರು, ದಿನಕ್ಕೆ ಹತ್ತು ನಿಮಿಷ ಕೊಡಬಲ್ಲ ಲ್ಯಾಬ್ ಟೆಕ್ನಿಷಿಯನ್, ಒಂದು ಎಕ್ಸೆಲ್ ಹಾಳೆ.

1. ಮೂರು ತಿಂಗಳ ಲ್ಯಾಬ್ ರಿಜಿಸ್ಟರ್ ಎಣಿಸಿ

ಯಾವ ಟೆಸ್ಟ್ ಎಷ್ಟು ಸಲ, ಯಾವುದರ ಜೊತೆ ಯಾವುದು, ಒಬ್ಬರಿಗೇ ಎಷ್ಟು ದಿನದೊಳಗೆ ಮತ್ತೆ ಆಗಿದೆ, ಈ ಮೂರನ್ನು ಬರೆದುಕೊಳ್ಳಿ. ಆಮೇಲೆ ವ್ಯತ್ಯಾಸ ಆಯಿತೋ ಇಲ್ಲವೋ ಎಂದು ತೋರಿಸಲು ಈ ಎಣಿಕೆ ಬಿಟ್ಟರೆ ಬೇರೆ ದಾರಿಯಿಲ್ಲ.

ಇಲ್ಲಿ ಆಗುವ ತಪ್ಪು: ಎಲ್‌ಎಫ್‌ಟಿಯಂಥ (ಯಕೃತ್ತಿನ ಟೆಸ್ಟುಗಳು) ಪ್ಯಾನೆಲ್ಲನ್ನು, ಅಂದರೆ ಒಂದೇ ಹೆಸರಿನಡಿ ಬರುವ ಟೆಸ್ಟುಗಳ ಕಟ್ಟನ್ನು, ಒಂದೆಂದು ಎಣಿಸಬೇಕೋ ಹತ್ತೆಂದೋ ಎಂದು ನಿಶ್ಚಯಿಸದೇ ಹೊರಡುವುದು. ಗುರುತು ಹಾಕಿದ್ದು ಎಷ್ಟು, ಬಂದ ಅಂಕಿ ಎಷ್ಟು, ಎರಡನ್ನೂ ಬೇರೆ ಬೇರೆ ಕಂಬಸಾಲಿನಲ್ಲಿಡಿ.

2. ಹೆಸರು, ಕೋಡ್, ಅಳತೆ ಒಂದು ಮಾಡಿ

ಒಂದೇ ರಕ್ತದ ಸಕ್ಕರೆ ಟೆಸ್ಟಿಗೆ 'ಎಫ್‌ಬಿಎಸ್', 'ಫಾಸ್ಟಿಂಗ್', 'ಗ್ಲೂಕೋಸ್ ಎಫ್' ಎಂದು ಮೂರು ಹೆಸರಿದ್ದರೆ ಕಂಪ್ಯೂಟರಿಗೆ ಅವು ಮೂರು ಟೆಸ್ಟ್. ಪ್ರತಿಯೊಂದಕ್ಕೂ ಲೊಯಿಂಕ್ ಕೋಡ್ ಕೊಡಿ. ಲ್ಯಾಬ್ ಟೆಸ್ಟುಗಳಿಗೆ ಜಗತ್ತಿನಾದ್ಯಂತ ಬಳಸುವ, ಉಚಿತವಾಗಿ ಸಿಗುವ ಸಂಖ್ಯಾಪಟ್ಟಿ ಅದು. ಕೇಂದ್ರ ಆರೋಗ್ಯ ಸಚಿವಾಲಯದ 2016ರ ವಿದ್ಯುನ್ಮಾನ ದಾಖಲೆ ಮಾನದಂಡಗಳೂ ಅದನ್ನೇ ಹೇಳುತ್ತವೆ. ಉದಾಹರಣೆಗೆ ಹಿಮೋಗ್ಲೋಬಿನ್ 718-7, ಎಚ್‌ಬಿಎ1ಸಿ (ಸಕ್ಕರೆಯ ಸರಾಸರಿ) 4548-4, ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್) 3016-3, ಕ್ರಿಯಾಟಿನಿನ್ (ಮೂತ್ರಪಿಂಡದ ಟೆಸ್ಟ್) 2160-0, ಪೊಟಾಸಿಯಂ 2823-3. ಸಾವಿರಾರು ಕೋಡುಗಳ ಪಟ್ಟಿ ನೋಡಿ ಗಾಬರಿಯಾಗಬೇಡಿ. ಉಚಿತ ರೋಗಪತ್ತೆ ಯೋಜನೆಯಲ್ಲಿ ಪಿಎಚ್‌ಸಿ ಮಟ್ಟಕ್ಕೆ ನಿಗದಿಯಾದದ್ದೇ 63 ಟೆಸ್ಟ್. ಒಂದು ಮಧ್ಯಾಹ್ನದ ಕೆಲಸ.

ಅಳತೆಯ ವಿಷಯದಲ್ಲಿ ಮೈಮರೆಯಬೇಡಿ. ಒಂದು ಲ್ಯಾಬ್ ಕ್ರಿಯಾಟಿನಿನ್ನನ್ನು 1.1 ಮಿ.ಗ್ರಾಂ/ಡೆ.ಲೀ. ಎಂದರೆ ಇನ್ನೊಂದು 97 ಮೈಕ್ರೋಮೋಲ್/ಲೀ. ಎನ್ನುತ್ತದೆ, ಎರಡೂ ಒಂದೇ, ನಡುವಿನ ಗುಣಕ 88.4. ಅಂಕಿಯ ಜಾಗದಲ್ಲಿ '12.4 ಗ್ರಾಂ%' ಎಂದು ಅಕ್ಷರ ಸೇರಿಸಿ ತುಂಬಿದ್ದರೆ ನಿಯಮಕ್ಕೆ ಅದು ಕಾಣುವುದೇ ಇಲ್ಲ, ದೋಷವನ್ನೂ ತೋರಿಸುವುದಿಲ್ಲ. ಸುಮ್ಮನಿರುತ್ತದೆ. ಈ ಮೌನ ಹಿಡಿಯಲು ಕಷ್ಟ. ಅದಕ್ಕೇ ಆ ಖಾನೆಯಲ್ಲಿ ಅಂಕಿಯ ಹೊರತು ಬೇರೇನೂ ಕೂರದಂತೆ ಬೀಗ ಹಾಕಿಸಿ.

3. ಹೊರಗಿನ ರಿಪೋರ್ಟುಗಳನ್ನು ಒಳಗೆ ತನ್ನಿ

ನಮ್ಮ ರೋಗಿಗಳು ಹಳೆಯ ರಿಪೋರ್ಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರುತ್ತಾರೆ. ಹೋದ ತಿಂಗಳಷ್ಟೇ ಪೇಟೆಯ ಲ್ಯಾಬಿನಲ್ಲಿ ಮಾಡಿಸಿದ ಟಿಎಸ್‌ಎಚ್ ಅದರಲ್ಲಿರುತ್ತದೆ. ಅದು ಕಂಪ್ಯೂಟರಿಗೆ ಗೊತ್ತಿಲ್ಲದಿದ್ದರೆ 'ಈಗಷ್ಟೇ ಆಗಿದೆ' ಎಂದು ಹೇಳುವ ನಿಯಮ ಕುರುಡು. ಎಲ್ಲವನ್ನೂ ತುಂಬಿಸಲು ಹೊರಟರೆ ಯಾರೂ ತುಂಬುವುದಿಲ್ಲ. ಐದೇ ಐದು ಸಾಕು: ಹಿಮೋಗ್ಲೋಬಿನ್, ಎಚ್‌ಬಿಎ1ಸಿ, ಕ್ರಿಯಾಟಿನಿನ್, ಟಿಎಸ್‌ಎಚ್, ಎಲ್‌ಡಿಎಲ್ (ಕೊಲೆಸ್ಟರಾಲ್). ಬಿಪಿ, ತೂಕ ನೋಡುವ ಸ್ಟಾಫ್ ನರ್ಸೇ ಅಂಕಿ ಮತ್ತು ತಾರೀಖು ಹಾಕಲಿ. ರಿಪೋರ್ಟಿನಲ್ಲಿ ಮೂರು ತಾರೀಖು ಇರಬಹುದು. ಬೇಕಾದದ್ದು ರಕ್ತ ತೆಗೆದ ದಿನ. ಮುದ್ರಿಸಿದ ದಿನವಲ್ಲ.

ಇನ್ನೊಂದು ತೊಡಕು: ಒಬ್ಬರೇ ಇಬ್ಬರಾಗುವುದು. ಒಮ್ಮೆ ಲಕ್ಷ್ಮಿ, ಇನ್ನೊಮ್ಮೆ ಲಕ್ಷ್ಮಮ್ಮ, ಮತ್ತೊಮ್ಮೆ ಗಂಡನ ಹೆಸರು ಸೇರಿಸಿ. ಮೊಬೈಲ್ ನಂಬರಿನಿಂದ ಹುಡುಕಿದರೆ ಮನೆಮಂದಿಗೆಲ್ಲ ಒಂದೇ ನಂಬರು. ಅಭಾ ಸಂಖ್ಯೆ, ಅಂದರೆ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ 14 ಅಂಕಿಯ ಗುರುತು, ಇದ್ದವರದ್ದು ಹಾಕಿಕೊಳ್ಳಿ. ಇಲ್ಲದವರಿಗೆ ಹೆಸರು, ಊರು, ಹುಟ್ಟಿದ ವರ್ಷ ಮೂರನ್ನೂ ಹೋಲಿಸಿ ನೋಡಿ.

4. ನಮೂನೆಯನ್ನು ತಿರುಗಿಸಿ: ಮೊದಲು ತೊಂದರೆ, ಆಮೇಲೆ ಟೆಸ್ಟ್

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕೊಡಿ.

ಸಾಮಾನ್ಯ ನಮೂನೆಯಲ್ಲಿ ಅರವತ್ತು ಟೆಸ್ಟುಗಳು ಅಕಾರಾದಿಯಾಗಿ ಕುಳಿತಿರುತ್ತವೆ. ಕಣ್ಣಿಗೆ ಬಿದ್ದದ್ದಕ್ಕೆಲ್ಲ ಗುರುತು ಬೀಳುತ್ತದೆ. ಅದರ ಬದಲು ಮೊದಲ ಪರದೆಯಲ್ಲಿ ಎಂಟು ಗುಂಡಿಗಳಿರಲಿ: ಜ್ವರ, ಸುಸ್ತು, ಸಕ್ಕರೆ ಕಾಯಿಲೆ ಮರುಭೇಟಿ, ಬಿಪಿ ಹೊಸದು, ಬಿಪಿ ಮರುಭೇಟಿ, ಗರ್ಭಿಣಿ, ಥೈರಾಯ್ಡ್, ಇತರೆ. ಒಂದೊಂದನ್ನು ಒತ್ತಿದಾಗ ಎರಡರಿಂದ ಆರು ಟೆಸ್ಟ್ ಕಾಣಲಿ. 'ಇತರೆ' ಒತ್ತಿದರೆ ಹುಡುಕುವ ಪೆಟ್ಟಿಗೆ. ಅದನ್ನು ಎಂದೂ ಮುಚ್ಚಬೇಡಿ. ಮುಚ್ಚಿದರೆ ಡಾಕ್ಟರು ಬಿಳಿ ಚೀಟಿಯಲ್ಲಿ ಬರೆದು ಹೊರಗಿನ ಲ್ಯಾಬಿಗೆ ಕಳಿಸುತ್ತಾರೆ, ನಿಮ್ಮ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಮೊದಲೇ ಟಿಕ್ ಆಗಿ ಬರುವ ಟೆಸ್ಟುಗಳ ಬಗ್ಗೆ ಜಿಪುಣರಾಗಿ. ಟಿಕ್ ಇದ್ದದ್ದನ್ನು ಗಡಿಬಿಡಿಯ ಓಪಿಡಿಯಲ್ಲಿ ಯಾರೂ ತೆಗೆಯುವುದಿಲ್ಲ. ಆ ತೊಂದರೆಯ ಪ್ರತಿ ರೋಗಿಗೂ ಬೇಕೇ ಬೇಕು ಅನ್ನುವಂಥದ್ದಕ್ಕಷ್ಟೇ ಮೊದಲೇ ಟಿಕ್. ಹೊಸ ಬಿಪಿಗೆ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್, ರಕ್ತದ ಸಕ್ಕರೆ ಹೀಗೆ ಬರಬಹುದು. ಸುಸ್ತಿಗೆ ಹಿಮೋಗ್ಲೋಬಿನ್ ಒಂದೇ ಟಿಕ್ ಆಗಿರಲಿ. ಸಕ್ಕರೆ, ಟಿಎಸ್‌ಎಚ್ ಬರೀ ಕಂಡರೆ ಸಾಕು.

ಸುಸ್ತಿನ ಉದಾಹರಣೆ ಬೇಕೆಂದೇ ಕೊಟ್ಟಿದ್ದೇವೆ. ಕಾರಣ ತಿಳಿಯದ ಸುಸ್ತಿಗೆ ನಾಲ್ಕು ವಾರ ಕಾದು ಆಮೇಲೆ ರಕ್ತ ತೆಗೆಯಿರಿ ಎನ್ನುವುದು ಡಚ್ ಪದ್ಧತಿ. ಅದನ್ನು ಹಾಗೇ ಎತ್ತಿ ನಮ್ಮ ನಮೂನೆಗೆ ಹಾಕಿದರೆ ತಪ್ಪಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಶೇಕಡಾ ಜನರಿಗೆ ರಕ್ತಹೀನತೆ. ಇಲ್ಲಿ ಹಿಮೋಗ್ಲೋಬಿನ್ ಮೊದಲ ದಿನವೇ ಬೇಕು. ಯಾವ ಮಾರ್ಗಸೂಚಿಯನ್ನೇ ತರಲಿ, ಅದು ಯಾವ ಊರಿನ ಕಾಯಿಲೆಗಳನ್ನು ನೋಡಿ ಬರೆದದ್ದು ಎಂದು ಕೇಳಿಕೊಳ್ಳಿ.

ಜ್ವರದ ಪುಟದಲ್ಲಿ ಟೈಫಾಯ್ಡಿಗೆ ಮಾಡುವ ವಿಡಾಲ್ ಟೆಸ್ಟನ್ನು ಮೊದಲ ಸಾಲಿನಿಂದ ಇಳಿಸಿ. ಟೈಫಾಯ್ಡ್ ವಿರುದ್ಧದ ಪ್ರತಿಕಾಯಗಳು ಮೊದಲ ವಾರದಲ್ಲಿ ಅನೇಕರಲ್ಲಿ ಏರಿರುವುದಿಲ್ಲ. ಟೈಫಾಯ್ಡ್ ಸದಾ ಇರುವ ಊರುಗಳಲ್ಲಿ ಆರೋಗ್ಯವಂತರಲ್ಲೂ ಅಲ್ಪಸ್ವಲ್ಪ ಇರುತ್ತವೆ. ಒಂದೇ ಸಲದ ವಿಡಾಲ್ ನೋಡಿ ಆ್ಯಂಟಿಬಯಾಟಿಕ್ ಶುರು ಮಾಡುವುದು ಎಷ್ಟು ರೂಢಿಯಲ್ಲಿದೆಯೋ ಅಷ್ಟೇ ದುರ್ಬಲ ಆಧಾರದ ಮೇಲೆ ನಿಂತಿದೆ. ರಕ್ತದ ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಟೆಸ್ಟ್) ಕಳಿಸುವ ವ್ಯವಸ್ಥೆ ಇದ್ದರೆ ಆ ಸಾಲು ಮೇಲೆ ಬರಲಿ, ಜೊತೆಗೆ 'ಆ್ಯಂಟಿಬಯಾಟಿಕ್‌ಗೆ ಮೊದಲು' ಎಂಬ ಮಾತೂ ಇರಲಿ.

ಟೆಕ್ನಿಷಿಯನ್ ಬೆಳಿಗ್ಗೆ ಬಂದೊಡನೆ 'ಇಂದು ರೀಏಜೆಂಟ್ (ಟೆಸ್ಟಿಗೆ ಬೇಕಾದ ರಾಸಾಯನಿಕ) ಇಲ್ಲ' ಎಂದು ಒತ್ತಲು ಒಂದು ಗುಂಡಿ ಮಾಡಿಸಿ. ಇಲ್ಲದ ಟೆಸ್ಟನ್ನು ಸೂಚಿಸುವ ಕಂಪ್ಯೂಟರಿನ ಮೇಲೆ ಮೂರೇ ದಿನದಲ್ಲಿ ನಂಬಿಕೆ ಹೋಗುತ್ತದೆ.

5. ಐದು ನಿಯಮಗಳಿಂದ ಶುರು ಮಾಡಿ

ನಿಯಮ ಎಂದರೆ 'ಹೀಗಿದ್ದರೆ ಹೀಗೆ ಹೇಳು' ಎಂಬ ಒಂದು ಸಾಲು. ಎಕ್ಸೆಲ್ ಹಾಳೆಯಲ್ಲಿ ಪ್ರತಿ ನಿಯಮಕ್ಕೂ ಈ ಕಂಬಸಾಲುಗಳಿರಲಿ: ಯಾವಾಗ ಏಳಬೇಕು, ಷರತ್ತು, ಹೊರತು, ತೋರಿಸುವ ಮಾತು, ಆಧಾರ, ಹೊಣೆಗಾರರು, ಮರುಪರಿಶೀಲನೆಯ ತಾರೀಖು. 'ಹೊರತು' ಖಾಲಿ ಇದ್ದರೆ ನಿಯಮ ಇನ್ನೂ ಸಿದ್ಧವಾಗಿಲ್ಲ ಎಂದೇ ಅರ್ಥ.

ಎಚ್‌ಬಿಎ1ಸಿ. ಇದು ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. ತಿಂಗಳಿಗೊಮ್ಮೆ ಮಾಡಿಸಿ ಪ್ರಯೋಜನವಿಲ್ಲ. ನಿಯಮಕ್ಕೆ 90 ದಿನ ಇಡುವವರೇ ಹೆಚ್ಚು, ಅಲ್ಲೇ ಎಡವುತ್ತಾರೆ. ಮಾತ್ರೆಯನ್ನು 28 ದಿನಕ್ಕೆ ಕೊಡುವ ಕಡೆ ಮೂರನೇ ಮರುಭೇಟಿ 84ನೇ ದಿನಕ್ಕೆ ಬೀಳುತ್ತದೆ. ಸರಿಯಾದ ಸಮಯಕ್ಕೆ ಬಂದ ರೋಗಿಗೇ ಕಂಪ್ಯೂಟರು ತಕರಾರು ತೆಗೆಯುತ್ತದೆ. 80 ಇಡಿ. ತೋರಿಸುವ ಮಾತು ಹೀಗಿರಲಿ: "41 ದಿನದ ಹಿಂದೆ 8.2%. ಇಂದಿಗೆ ಫಾಸ್ಟಿಂಗ್, ಊಟದ ನಂತರದ ಸಕ್ಕರೆ ಸಾಕೇ?" ಹಳೆಯ ಅಂಕಿಯನ್ನು ಅಲ್ಲೇ ತೋರಿಸುವುದು ಮುಖ್ಯ. ಎಷ್ಟೋ ಸಲ ಡಾಕ್ಟರು ಮರಳಿ ಟೆಸ್ಟ್ ಬರೆಯುವುದು ಹಳೆಯದು ಕೈಗೆ ಸಿಗದ್ದಕ್ಕೆ. ಹಿಮೋಗ್ಲೋಬಿನ್ ಕಡಿಮೆಯಿದ್ದವರಿಗೆ ಇನ್ನೊಂದು ಸಾಲು ಸೇರಲಿ: ಕಬ್ಬಿಣದ ಕೊರತೆಯಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಬಹುದು; ರಕ್ತಸ್ರಾವ ಆದಾಗ, ಕೆಂಪು ಕಣಗಳು ಬೇಗ ಒಡೆಯುವಾಗ ಕಡಿಮೆ ತೋರುತ್ತದೆ.

ಟಿಎಸ್‌ಎಚ್. ಥೈರಾಕ್ಸಿನ್ ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಆರು ವಾರದೊಳಗೆ ನೋಡಿದರೆ ಅರ್ಧ ದಾರಿಯ ಅಂಕಿ ಸಿಗುತ್ತದೆ, ಅದನ್ನು ನಂಬಿ ಮತ್ತೆ ಪ್ರಮಾಣ ಏರಿಸಿದರೆ ಮುಂದಿನ ಸಲ ಅತಿಯಾಗಿರುತ್ತದೆ. ನಿಯಮ: ಬದಲಾವಣೆಯಿಂದ 42 ದಿನ, ಸ್ಥಿರವಾಗಿದ್ದವರಿಗೆ ವರ್ಷಕ್ಕೊಮ್ಮೆ. ಹೊರತು: ಗರ್ಭಿಣಿ. ಅವರಿಗೆ ಗರ್ಭದ ಮೊದಲರ್ಧದಲ್ಲಿ ನಾಲ್ಕು ವಾರಕ್ಕೊಮ್ಮೆ ಬೇಕು. ಈ ಹೊರತು ಬರೆಯದೆ ಬಿಟ್ಟ ನಿಯಮ ಅಪಾಯಕಾರಿ.

ಕ್ರಿಯಾಟಿನಿನ್. ಇದು ಬೇಡ ಎನ್ನುವ ನಿಯಮವಲ್ಲ, ಮರೆತದ್ದನ್ನು ನೆನಪಿಸುವುದು. ಬಿಪಿ ಮಾತ್ರೆಗಳಾದ ಟೆಲ್ಮಿಸಾರ್ಟಾನ್ ಅಥವಾ ಎನಲಾಪ್ರಿಲ್ ಶುರು ಮಾಡಿ ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟಾಸಿಯಂ, ಆಮೇಲೆ ವರ್ಷಕ್ಕೊಮ್ಮೆಯಾದರೂ. ಬಂದ ಅಂಕಿಯಿಂದ ಇಜಿಎಫ್‌ಆರ್ ಅನ್ನು, ಅಂದರೆ ಮೂತ್ರಪಿಂಡ ಸೋಸುವ ವೇಗದ ಅಂದಾಜನ್ನು, ಸಾಫ್ಟ್‌ವೇರೇ ಲೆಕ್ಕ ಹಾಕಲಿ. 2021ರ ಸಿಕೆಡಿ-ಇಪಿಐ ಸೂತ್ರಕ್ಕೆ ವಯಸ್ಸು, ಲಿಂಗ, ಕ್ರಿಯಾಟಿನಿನ್ ಸಾಕು. 18ರ ಒಳಗಿನವರಿಗೆ ಅದು ಹೊಂದದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ ಮಾತ್ರೆ ನಿಲ್ಲಿಸಬೇಕು ಎಂಬುದು ಪರದೆಯಲ್ಲಿ ಬರಲಿ. ಪೊಟಾಸಿಯಂ ಅನ್ನು ಹೊರಗೆ ಕಳಿಸುವುದಾದರೆ ಸೀರಂ (ರಕ್ತದ ತಿಳಿಭಾಗ) ಬೇರ್ಪಡಿಸಿಯೇ ಕಳಿಸಿ. ರಕ್ತವನ್ನು ಹಾಗೇ ಫ್ರಿಜ್ಜಿನಲ್ಲಿಟ್ಟರೆ ಕಣಗಳೊಳಗಿನ ಪೊಟಾಸಿಯಂ ಹೊರಬಂದು ಸುಳ್ಳು ಏರಿಕೆ ತೋರುತ್ತದೆ.

ಜ್ವರದ ದಿನ. ಜ್ವರದ ಗುಂಡಿ ಒತ್ತಿದರೆ 'ಜ್ವರ ಬಂದು ಎಷ್ಟನೇ ದಿನ?' ಎಂಬ ಖಾನೆ ತುಂಬದೆ ಮುಂದೆ ಹೋಗಬಾರದು. ನಾವು ಕಡ್ಡಾಯ ಮಾಡಿ ಎನ್ನುವ ಖಾನೆ ಇದೊಂದೇ. ಮೊದಲ ಐದು ದಿನ ಡೆಂಗಿಗೆ ಎನ್‌ಎಸ್1 (ವೈರಸ್ಸಿನದೇ ಅಂಶ ಹುಡುಕುವ ಟೆಸ್ಟ್), ಆಮೇಲೆ ಐಜಿಎಂ (ಪ್ರತಿಕಾಯ ಹುಡುಕುವ ಟೆಸ್ಟ್). ಎರಡನೇ ದಿನ ಐಜಿಎಂ ಮಾಡಿ 'ಡೆಂಗಿ ಇಲ್ಲ' ಎಂದು ಕಳಿಸುವ ತಪ್ಪು ಇದರಿಂದ ತಪ್ಪುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡಂಚಿನ ಊರುಗಳಿಗೆ ಡಿಸೆಂಬರಿನಿಂದ ಮೇವರೆಗೆ ಇನ್ನೊಂದು ಪ್ರಶ್ನೆ ಸೇರಿಸಿ: ಕಾಡಿಗೆ ಹೋಗಿದ್ದರೇ, ಮಂಗ ಸತ್ತದ್ದು ಕಂಡಿತೇ? ಹೌದೆಂದರೆ ಮಂಗನ ಕಾಯಿಲೆಯ ಆರ್‌ಟಿ-ಪಿಸಿಆರ್ ಸೂಚಿಸಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆಯನ್ನು ಹೊರಗಿನ ಯಾವ ಸಾಫ್ಟ್‌ವೇರೂ ತಾನಾಗಿ ಕೇಳದು.

ಗರ್ಭಿಣಿಯ ಸಕ್ಕರೆ. ಮೊದಲ ಭೇಟಿಯಲ್ಲಿ ಒಮ್ಮೆ, 24–28 ವಾರದಲ್ಲಿ ಇನ್ನೊಮ್ಮೆ, ನಡುವೆ ಕನಿಷ್ಠ ನಾಲ್ಕು ವಾರ. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕರಗಿಸಿ ಐದು ಹತ್ತು ನಿಮಿಷದೊಳಗೆ ಕುಡಿಸಿ, ಎರಡು ಗಂಟೆ ಕಳೆದ ಮೇಲೆ ರಕ್ತದ ಸಕ್ಕರೆ ನೋಡಬೇಕು, ಉಪವಾಸ ಬೇಡ. 140 ಮಿ.ಗ್ರಾಂ/ಡೆ.ಲೀ. ಅಥವಾ ಹೆಚ್ಚಾದರೆ ಗರ್ಭಕಾಲದ ಸಕ್ಕರೆ ಕಾಯಿಲೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ. ಸಾಫ್ಟ್‌ವೇರಿನ ಗಡಿಯಾರ ಚೀಟಿ ಬರೆದಾಗಿನಿಂದ ಓಡಬಾರದು; ನರ್ಸ್ 'ಕುಡಿದರು' ಎಂದು ಒತ್ತಿದಾಗಿನಿಂದ ಓಡಬೇಕು. ಮೊದಲೇ ಸಕ್ಕರೆ ಕಾಯಿಲೆ ಇರುವವರಿಗೆ ಈ ಸಾಲು ಕಾಣಲೇಬಾರದು.

6. ದನಿ ಎಷ್ಟಿರಬೇಕು

ಮೂರು ಮಟ್ಟ ಸಾಕು. ನಮೂನೆಯ ಜೋಡಣೆ ಮಾತಿಲ್ಲದೆ ಕೆಲಸ ಮಾಡುತ್ತದೆ. ಟೆಸ್ಟಿನ ಪಕ್ಕದಲ್ಲೇ ಬರುವ ಬೂದು ಬಣ್ಣದ ಒಂದು ಸಾಲು ಎರಡನೆಯದು. ಮೇಲಿನ ನಿಯಮಗಳೆಲ್ಲ ಇಲ್ಲಿ ಬರಲಿ. ಮೂರನೆಯದು ಕಾರಣ ಕೊಡದೆ ಮುಂದೆ ಬಿಡದ ತಡೆ. ಅದನ್ನು ಒಂದೇ ಕಡೆ ಬಳಸಿ: ಇಂದೇ ಅದೇ ಟೆಸ್ಟಿಗೆ ರಕ್ತ ತೆಗೆದು ಫಲಿತಾಂಶ ಬರಬೇಕಿದ್ದಾಗ. ಕಾರಣಗಳನ್ನು ಒತ್ತುವ ಗುಂಡಿಗಳಾಗಿ ಕೊಡಿ: ಸ್ಥಿತಿ ಬದಲಾಗಿದೆ, ಹಿಂದಿನ ಫಲಿತಾಂಶ ಅನುಮಾನ, ತಜ್ಞರು ಕೇಳಿದ್ದಾರೆ. ಬರೆಯಲು ಹೇಳಿದರೆ ಒಂದು ಚುಕ್ಕಿ ಹಾಕಿ ಮುಂದೆ ಹೋಗುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ, ಹೊರಗೆ ಸಾಲು ನಿಂತಿರುತ್ತದೆ.

7. ಕೆಲವು ವಾರ ಮೂಕವಾಗಿ ಓಡಿಸಿ

ನಿಯಮಗಳು ಒಳಗೊಳಗೇ ಏಳಲಿ, ಪರದೆಗೆ ಬರದಿರಲಿ. ಎಷ್ಟು ಸಲ ಎದ್ದವು, ಯಾರಿಗೆ ಎದ್ದವು ಎಂಬುದನ್ನು ಡಾಕ್ಟರು ವಾರಕ್ಕೊಮ್ಮೆ ನೋಡಲಿ. ಅದಕ್ಕೂ ಮೊದಲು ಕಲ್ಪಿತ ರೋಗಿಗಳ ಒಂದು ಗುಂಪು ಕಟ್ಟಿ ಪರೀಕ್ಷಿಸಿ: 79, 80, 81ನೇ ದಿನದವರು, ಹಳೆಯ ಫಲಿತಾಂಶವೇ ಇಲ್ಲದವರು, ಹತ್ತು ವರ್ಷದ ಹುಡುಗ, ಗರ್ಭಿಣಿ, ಮೈಕ್ರೋಮೋಲಿನಲ್ಲಿ ಕ್ರಿಯಾಟಿನಿನ್ ಇರುವವರು, ನಾಳೆಯ ತಾರೀಖಿನ ರಿಪೋರ್ಟ್ ಇರುವವರು. ಕೊನೆಯದು ತಮಾಷೆಯಲ್ಲ, ದಿನ ಮತ್ತು ತಿಂಗಳು ಅದಲುಬದಲಾದಾಗ ಬರುತ್ತದೆ.

ನಿಯಮಗಳು ಕ್ಲಿನಿಕ್ಕಿನ ಕಂಪ್ಯೂಟರಿನಲ್ಲೇ ಇರಲಿ. ನೆಟ್ ಹೋದಾಗ ನಮೂನೆ ತೆರೆಯದಿದ್ದರೆ ಜನ ಕಾಗದಕ್ಕೆ ಮರಳುತ್ತಾರೆ. ಕರೆಂಟ್ ಹೋದ ದಿನಕ್ಕೆ ಅದೇ ಎಂಟು ಗುಂಡಿಗಳ ಜೋಡಣೆಯ ಮುದ್ರಿತ ಚೀಟಿ ಮೇಜಿನಲ್ಲಿರಲಿ.

8. ಚೀಟಿಯ ಇನ್ನೊಂದು ತುದಿ

ಟೆಸ್ಟ್ ಬರೆದೊಡನೆ ಟೆಕ್ನಿಷಿಯನ್‌ಗೆ ಟ್ಯೂಬಿನ ಬಣ್ಣ, ರೋಗಿಗೆ ಕನ್ನಡದಲ್ಲಿ ಸೂಚನೆ ಮುದ್ರಣವಾಗಲಿ. ಹಿಮೋಗ್ಲೋಬಿನ್, ಎಚ್‌ಬಿಎ1ಸಿಗೆ ನೇರಳೆ ಮುಚ್ಚಳ, ಸಕ್ಕರೆಗೆ ಬೂದು. ಸಾದಾ ಟ್ಯೂಬಿನಲ್ಲಿ ಬೇರ್ಪಡಿಸದೆ ಬಿಟ್ಟ ರಕ್ತದಲ್ಲಿ ಸಕ್ಕರೆ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಯುತ್ತದೆ. 'ಖಾಲಿ ಹೊಟ್ಟೆ' ಎಂದಷ್ಟೇ ಬರೆದರೆ ಬೆಳಗಿನ ಕಾಫಿ ಅದರಲ್ಲಿ ಸೇರುವುದಿಲ್ಲ ಎಂದುಕೊಳ್ಳುವವರಿದ್ದಾರೆ. 'ರಾತ್ರಿ ಊಟದ ನಂತರ ಎಂಟು ಗಂಟೆಗಳ ಕಾಲ ನೀರು ಬಿಟ್ಟು ಏನೂ ಬೇಡ. ಕಾಫಿ, ಟೀ, ಹಾಲು ಕೂಡ ಬೇಡ' ಎಂದು ಬಿಡಿಸಿ ಬರೆಯಿರಿ.

9. ತಿಂಗಳಿಗೊಮ್ಮೆ ಅರ್ಧ ಗಂಟೆ

ಪ್ರತಿ ನಿಯಮಕ್ಕೆ ಎರಡು ಅಂಕಿ ನೋಡಿ: ಎಷ್ಟು ಸಲ ಎದ್ದಿತು, ಎಷ್ಟು ಸಲ ಡಾಕ್ಟರು ಅದರ ಮಾತು ಕೇಳಿದರು. ಅರ್ಧಕ್ಕಿಂತ ಹೆಚ್ಚು ಸಲ ತಳ್ಳಿಹಾಕಿದ್ದರೆ ಮೊದಲು ನಿಯಮವನ್ನು ಅನುಮಾನಿಸಿ, ಡಾಕ್ಟರನ್ನಲ್ಲ. ಸಾಮಾನ್ಯವಾಗಿ ಒಂದು 'ಹೊರತು' ಬಿಟ್ಟುಹೋಗಿರುತ್ತದೆ. ಒಟ್ಟು ಟೆಸ್ಟ್ ಇಳಿದದ್ದನ್ನಷ್ಟೇ ನೋಡಿ ಹಿಗ್ಗಬೇಡಿ. ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವವರಲ್ಲಿ ವರ್ಷದೊಳಗೆ ಕ್ರಿಯಾಟಿನಿನ್ ಆದವರ ಪಾಲು ಏರಿತೇ ಎಂದು ಅದರ ಪಕ್ಕದಲ್ಲೇ ನೋಡಿ. ಮೊದಲನೆಯದು ಇಳಿದು ಎರಡನೆಯದು ಏರದಿದ್ದರೆ ಬೇಕಾದ ಟೆಸ್ಟೂ ಬಿಟ್ಟುಹೋಗುತ್ತಿದೆಯೇ ಎಂದು ಚೀಟಿ ತೆಗೆದು ನೋಡಬೇಕು.

ಐದು ನಿಯಮ ಮೂರು ತಿಂಗಳು ಸರಿಯಾಗಿ ನಡೆದ ಮೇಲೆ ಆರನೆಯದನ್ನು ಸೇರಿಸಿ. ನಿಯಮದ ಹೊಣೆ ಹೊತ್ತ ವೈದ್ಯಾಧಿಕಾರಿಗೆ ವರ್ಗವಾದರೆ ಹೊಸಬರು ಓದಿ ಸಹಿ ಮಾಡುವವರೆಗೆ, ಅಥವಾ ಮರುಪರಿಶೀಲನೆಯ ತಾರೀಖು ದಾಟಿದರೆ, ಆ ನಿಯಮ ತಾನಾಗಿ ಮೂಕಸ್ಥಿತಿಗೆ ಹೋಗುವಂತೆ ಮೊದಲೇ ಬರೆಸಿಡಿ.